ಅಳಿವೆಯ ಸಂಜೆಯೂಟ

ಸೌಪರ್ಣಿಕಾ, ವಾರಾಹಿ, ಚಕ್ರಾ ಮೊದಲಾದ ಐದು ನದಿಗಳು ಕೂಡಿ ಪಂಚಗಂಗಾವಳಿ ಎನಿಸಿಕೊಂಡು, ಗಂಗೊಳ್ಳಿ ಮತ್ತು ಕೋಡಿಗಳ ನಡುವಿನ ಅಳಿವೆಯಲ್ಲಿ, ಅಂದರೆ ಹೊಳೆಯು ಕಡಲನ್ನು ಸೇರುವ ಜಾಗದಲ್ಲಿ, ಅರಬ್ಬಿ ಸಮುದ್ರಕ್ಕೆ ಇಳಿಯುವುದರಿಂದ, ಮೂರು ಕಡೆ ನೀರಿರುವ ಕುಂದಾಪುರಕ್ಕೆ ದೋಣಿಯ ಸಂಜೆಯೂಟವು ಸಹಜವಾಗಿಯೇ ಒಪ್ಪುತ್ತದೆ. ಬ್ರಹ್ಮಾವರ ಸೀಮೆಯ ಸೀತಾ-ಸುವರ್ಣಾ ಹಿನ್ನೀರಿನಲ್ಲಂತೂ ಹೌಸ್‌ಬೋಟ್‌ಗಳು ಈಗಾಗಲೇ ಓಡಾಡುತ್ತಿವೆ. ಇಂತಹ ವಿಹಾರದ ಸೊಗಸು ಬಣ್ಣದ ದೀಪ, ಧ್ವನಿವರ್ಧಕಗಳಲ್ಲಿಲ್ಲ (ಅವು ಬೆಂಗಳೂರಿನಲ್ಲೂ ಸಿಗುತ್ತವೆ). ಭರತದ, ಎಂದರೆ ಕಡಲ ನೀರು ಹೊಳೆಗೆ ಏರಿಬರುವ, ಹೊತ್ತನ್ನು ನೋಡಿ ಹೊರಟು, ಕುದ್ರುಗಳೆಂಬ ನದಿದ್ವೀಪಗಳನ್ನೂ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಕಾಡನ್ನೂ ಬಳಸಿ, ಗಂಗೊಳ್ಳಿ ಬಂದರಿನ ದೀಪಗಳನ್ನು ಕಾಣುತ್ತ ನೀರುದೋಸೆಯೊಂದಿಗೆ ಕೋಳಿಸಾರನ್ನೋ ಹುರಿದ ಕಾಣೆ ಮೀನನ್ನೋ ಸವಿಯುವುದರಲ್ಲಿದೆ. ಆದರೆ ಎಂಜಲು, ಪ್ಲಾಸ್ಟಿಕ್‌ಗಳು ದೋಣಿಯೊಡನೆ ದಡಕ್ಕೆ ಮರಳಲೇಬೇಕು, ಏಕೆಂದರೆ ಮೀನು, ಸಿಗಡಿಗಳ ಮರಿಗಳು ಬೆಳೆಯುವುದು ಆ ಕಾಂಡ್ಲಾ ಬೇರುಗಳ ನಡುವೆಯೇ.