ನೋಡಿದವರು ಎಷ್ಟು ಜನ, ಬಾಯಿಬಿಟ್ಟವರು ಎಷ್ಟು ಜನ?



ಲಕ್ಕವಳ್ಳಿಯಿಂದ ತರೀಕೆರೆಗೋ ಶಂಕರಘಟ್ಟಕ್ಕೋ ಬಸ್ಸು ಹತ್ತುವ ಹೆಣ್ಣುಮಕ್ಕಳಿಗೆ ಮನೆಯವರು ಹೇಳಿ ಕಳಿಸುವುದು ಒಂದೇ ಮಾತು: 'ಹುಷಾರಾಗಿರವ್ವ'. ಅದೇ ಬಸ್ಸು ಹತ್ತುವ ಗಂಡುಮಕ್ಕಳಿಗೆ ಯಾರೂ ಏನೂ ಹೇಳಲ್ಲ. ಇದು ಅವರಿಗೆ.

2019ರ ಜುಲೈನಲ್ಲಿ ಪುತ್ತೂರಿನ ಐವರು ಕಾಲೇಜು ಹುಡುಗರು ಸೆರೆಯಾದರು. ದಲಿತ ವಿದ್ಯಾರ್ಥಿನಿಯೊಬ್ಬಳ ಮೇಲೆ ಗುಂಪು ಅತ್ಯಾಚಾರ ಮಾಡಿದರೆಂಬ ಆರೋಪ. ಘಟನೆ ನಡೆದು ತಿಂಗಳುಗಳೇ ಆಗಿದ್ದವು. ಹೊರಬಿದ್ದದ್ದು ವಿಡಿಯೊ ವಾಟ್ಸಾಪಿನಲ್ಲಿ ಹರಿದಾಡಿದ ಮೇಲೆ. ಅಂದರೆ ಪೊಲೀಸರಿಗಿಂತ ಮೊದಲೇ ನೋಡಿದವರಿದ್ದರು. ನೋಡಿದರು, ಇನ್ನೊಬ್ಬನಿಗೆ ದಾಟಿಸಿದರು. ಹಂಚಿದವರನ್ನೂ ಪೊಲೀಸರು ಹಿಡಿಯಬೇಕಾಯಿತು.

ಇಂಥದ್ದು ನಮ್ಮ ಹಾಸ್ಟೆಲ್ ಗ್ರೂಪಿಗೆ ಬಂದರೆ ಏನಾಗುತ್ತೆ? ಡಿಪಿಯಲ್ಲಿ ಬಾಬಾಸಾಹೇಬರ ಫೋಟೊ ಇರುವ ಫೋನಿನಿಂದಲೇ ಮುಂದಕ್ಕೆ ಹೋಗಲ್ಲ ಅಂತ ಎದೆ ಮುಟ್ಟಿ ಹೇಳ್ತೀರಾ? ಹಂಚಿದರೆ 5 ವರ್ಷದವರೆಗೆ ಜೈಲುಂಟು. ಜೈಲಿಗೆ ಹೆದರಿಯಾದರೂ ಬಿಡುವವನು ಬಿಡಲಿ, ನಮಗೇನೂ ಬೇಜಾರಿಲ್ಲ.

ನೊಂದವಳು ಬಂದು ಹೇಳಿಕೊಂಡರೆ 'ಅಲ್ಲಿಗೆ ಯಾಕೆ ಹೋಗಿದ್ದೆ' ಅನ್ನಬೇಡಿ. ಕೇಳಿಸಿಕೊಳ್ಳಿ. ಬಟ್ಟೆ ಒಗೆಯದೆ ಕಾಗದದಲ್ಲಿ ಸುತ್ತಿಡಲು ಹೇಳಿ. ಸರ್ಕಾರಿ ಆಸ್ಪತ್ರೆಯಾಗಲಿ ಖಾಸಗಿಯಾಗಲಿ, ಕೂಡಲೇ ಬಿಟ್ಟಿ ಚಿಕಿತ್ಸೆ ಕೊಡಲೇಬೇಕು, ಕಾನೂನಿದೆ. ಎರಡು ಬೆರಳಿನ ಪರೀಕ್ಷೆ ಮಾಡಕೂಡದು ಅಂತ ಸುಪ್ರೀಂ ಕೋರ್ಟು 2022ರಲ್ಲಿ ಮತ್ತೆ ಗದರಿಸಿದೆ. 'ನಮ್ಮ ಠಾಣೆಗೆ ಬರಲ್ಲ' ಅಂತ ಪೊಲೀಸರು ಸಾಗಹಾಕುವಂತಿಲ್ಲ. ಯಾವ ಠಾಣೆಯಲ್ಲಾದರೂ ಎಫ್‌ಐಆರ್ ಬರೆದುಕೊಳ್ಳಬೇಕು. ಅವಳು ದಲಿತಳಾಗಿ ಆರೋಪಿ ಪರಿಶಿಷ್ಟ ಜಾತಿ-ಪಂಗಡಕ್ಕೆ ಸೇರದವನಾದರೆ ಅಟ್ರಾಸಿಟಿ ಕಾಯ್ದೆ ಹಾಕಿದ್ದಾರಾ ನೋಡಿ.

ದೂರು ಕೊಡುವುದು ಬಿಡುವುದು ಮಾತ್ರ ಅವಳ ತೀರ್ಮಾನ, ಸಂಘಟನೆಯದ್ದಲ್ಲ. ನ್ಯಾಯ ಕೇಳುವ ಹುರುಪಿನಲ್ಲಿ ಅವಳ ಫೋಟೊ ಫ್ಲೆಕ್ಸಿಗೆ ಹಾಕುವವರಿದ್ದಾರೆ. ಅದೂ ಅಪರಾಧವೇ. ಇನ್ನು ಆರೋಪಿ ನಮ್ಮ ಕೇರಿಯವನೇ ಆದಾಗ 'ಮರ್ಯಾದೆ ಹೋಗುತ್ತೆ, ಪಂಚಾಯ್ತಿ ಮಾಡಿ ಮುಗಿಸೋಣ' ಅನ್ನುವ ಹಿರಿಯರು ಏಳುತ್ತಾರೆ. ಮೇಲ್ಜಾತಿಯವನು ಮಾಡಿದರೆ ಧರಣಿ, ನಮ್ಮವನು ಮಾಡಿದರೆ ರಾಜಿಯೆ? ಅವಳೂ ನಮ್ಮವಳೇ ಅಲ್ಲವೆ?

ಯುಜಿಸಿಯ 2015ರ ನಿಯಮದಂತೆ ಪ್ರತಿ ಕಾಲೇಜಿನಲ್ಲೂ ಆಂತರಿಕ ದೂರು ಸಮಿತಿ ಇರಬೇಕು. ವಿದ್ಯಾರ್ಥಿಗಳ ವಿಷಯ ಬಂದಾಗ ಅದರಲ್ಲಿ ಚುನಾಯಿತರಾದ ಮೂವರು ವಿದ್ಯಾರ್ಥಿಗಳು ಕೂರಬೇಕು. ಮುಂದಿನ ಹಾಸ್ಟೆಲ್ ಮೀಟಿಂಗಿಗೆ ಆ ಮೂವರ ಹೆಸರು ಬರೆದುಕೊಂಡು ಬನ್ನಿ. ಚುನಾವಣೆಯೇ ಆಗಿಲ್ಲ ಅಂದರೆ ಯಾವಾಗ ಮಾಡ್ತೀರಿ ಅಂತ ಪ್ರಿನ್ಸಿಪಾಲರನ್ನು ಬರವಣಿಗೆಯಲ್ಲಿ ಕೇಳಿ, ನಕಲು ಇಟ್ಟುಕೊಳ್ಳಿ.