ಕಾಣದ ಯಂತ್ರಗಳಿಗೂ ಖಾನೇಷುಮಾರಿ ಬೇಕು

ಗ್ರಾಮ ಪಂಚಾಯಿತಿಯ ಜಮಾಬಂದಿಯ ದಿನ ಊರಲ್ಲಿ ಬೀದಿದೀಪಗಳೆಷ್ಟು, ಕೊಳವೆಬಾವಿಗಳೆಷ್ಟು, ಅವುಗಳಲ್ಲಿ ನೀರು ಕೊಡುತ್ತಿರುವುವು ಎಷ್ಟು ಎಂದು ಜನ ಎದ್ದುನಿಂತು ಕೇಳುತ್ತಾರೆ. ಪಂಚಾಯಿತಿಯವರು ಉತ್ತರ ಹೇಳಬೇಕಾಗುತ್ತದೆ. ಇದು ಸರಿಯಾದ ಪದ್ಧತಿ. ಆದರೆ ಅದೇ ಜನರ ಪಹಣಿ, ಪಿಂಚಣಿ, ಪಡಿತರ, ಮಕ್ಕಳ ಪರೀಕ್ಷೆಯ ಫಲಿತಾಂಶ ಇವನ್ನೆಲ್ಲ ಹೊತ್ತು ನಡೆಸುವ ಸರ್ಕಾರಿ ಕಂಪ್ಯೂಟರುಗಳು ಎಷ್ಟಿವೆ, ಅವುಗಳಲ್ಲಿ ದುಡಿಯುತ್ತಿರುವುವು ಎಷ್ಟು, ಸುಮ್ಮನೆ ಜಾಗ ಹಿಡಿದು ಕೂತಿರುವುವು ಎಷ್ಟು ಎಂಬ ಪ್ರಶ್ನೆ ಯಾವ ಸಭೆಯಲ್ಲೂ ನಮ್ಮ ಕಿವಿಗೆ ಬಿದ್ದಿಲ್ಲ. ಅದನ್ನು ಕೇಳುವ ಕಾಲ ಬಂದಿದೆ ಎಂಬುದು ನಮ್ಮ ಅಭಿಪ್ರಾಯ.

ಮೊದಲು ವಿಷಯವನ್ನು ತಿಳಿಯೋಣ. ಹಿಂದೆ ಒಂದು ಕೆಲಸಕ್ಕೆ ಒಂದು ಯಂತ್ರವಿರುತ್ತಿತ್ತು. 2000ದ ಸುಮಾರಿಗೆ ‘ಭೂಮಿ’ ಯೋಜನೆ ಬಂದಾಗ, ತಾಲ್ಲೂಕು ಕಚೇರಿಗೆ ಹೋದ ರೈತನಿಗೆ ಪಹಣಿಯ ಕಂಪ್ಯೂಟರು ಕಣ್ಣಿಗೇ ಕಾಣುತ್ತಿತ್ತು. ಈಗ ಸರ್ಕಾರದ ಇಂಥ ಕೆಲಸಗಳು ದತ್ತಾಂಶ ಕೇಂದ್ರಗಳಿಗೆ ಹೋಗಿ ಸೇರಿವೆ. ಕೇಂದ್ರ ಸರ್ಕಾರ ತನ್ನ ಇಲಾಖೆಗಳಿಗಾಗಿ 2014ರಲ್ಲಿ ‘ಮೇಘರಾಜ್’ ಎಂಬ ಹೆಸರಿನ ವ್ಯವಸ್ಥೆಯನ್ನು ಆರಂಭಿಸಿತು. ಇಂಥ ಕಡೆ ಬಲವಾದ ಒಂದು ಯಂತ್ರವನ್ನು ತಂತ್ರಾಂಶದ ಮೂಲಕ ಪಾಲು ಮಾಡಿ, ಹತ್ತಿಪ್ಪತ್ತು ಯಂತ್ರಗಳಂತೆ ನಡೆಸುತ್ತಾರೆ. ಈ ಪಾಲುಗಳಿಗೆ ವರ್ಚುವಲ್ ಮೆಷಿನ್ ಎಂದು ಹೆಸರು. ಒಂದು ವಠಾರದಲ್ಲಿ ಇಪ್ಪತ್ತು ಸಂಸಾರಗಳಿದ್ದಂತೆ ಎಂದುಕೊಳ್ಳಿ. ಒಬ್ಬೊಬ್ಬರಿಗೂ ಇಷ್ಟು ಪ್ರೊಸೆಸರ್ ಕೋರ್, ಇಷ್ಟು ಮೆಮೊರಿ, ಇಷ್ಟು ಡಿಸ್ಕ್ ಎಂದು ಗೊತ್ತುಮಾಡಿ ಕೊಡುತ್ತಾರೆ. ಏರ್ಪಾಡು ಒಳ್ಳೆಯದೇ, ಯಂತ್ರವೂ ಉಳಿಯುತ್ತದೆ, ವಿದ್ಯುತ್ತೂ ಉಳಿಯುತ್ತದೆ. ಆದರೆ ವಠಾರದಲ್ಲಿ ಯಾರಿಗೆ ಎಷ್ಟು ಕೋಣೆ ಕೊಟ್ಟಿದೆ, ಬೀಗ ಹಾಕಿರುವ ಮನೆಗಳು ಎಷ್ಟು ಎಂಬ ಪಟ್ಟಿ ಇಲ್ಲದಿದ್ದರೆ, ಜಾಗ ಸಾಲದೆಂದು ಇನ್ನೊಂದು ವಠಾರ ಕಟ್ಟಿಸಬೇಕಾಗುತ್ತದೆ.

ಪಟ್ಟಿ ಮಾಡುವುದು ಕಷ್ಟವೇ? ಖಂಡಿತ ಇಲ್ಲ. ವಿಎಂವೇರ್ ವ್ಯವಸ್ಥೆ ಇರುವಲ್ಲಿ ಪವರ್‌ಸಿಎಲ್‌ಐ ಎಂಬ ಸಾಧನದಲ್ಲಿ ಒಂದೆರಡು ಸಾಲಿನ ಆಜ್ಞೆ ಕೊಟ್ಟರೆ, ಯಂತ್ರದ ಹೆಸರು, ನಡೆಯುತ್ತಿದೆಯೋ ನಿಂತಿದೆಯೋ, ಕೋರ್ ಎಷ್ಟು, ಮೆಮೊರಿ ಎಷ್ಟು, ಕೊಟ್ಟ ಡಿಸ್ಕ್ ಎಷ್ಟು, ಬಳಸಿದ್ದು ಎಷ್ಟು ಎಂಬುದೆಲ್ಲ ಒಂದು ಹಾಳೆಯಲ್ಲಿ ಇಳಿಯುತ್ತದೆ. ಆರ್‌ವಿಟೂಲ್ಸ್ ಎಂಬ ಇನ್ನೊಂದು ಸಾಧನ ಇದನ್ನೇ ಎಕ್ಸೆಲ್ಲಿನಲ್ಲಿ ವಿಂಗಡಿಸಿ ಬರೆದುಕೊಡುತ್ತದೆ. ಲಿನಕ್ಸಿನ ಕೆವಿಎಂ ಇರುವಲ್ಲಿ ಅದಕ್ಕೂ ತಕ್ಕ ಆಜ್ಞೆಗಳುಂಟು. ಜನಗಣತಿಯಂತೆ ಮನೆಮನೆ ಸುತ್ತಬೇಕಾಗಿಲ್ಲ. ಕೂತಲ್ಲೇ ಕ್ಷಣಗಳಲ್ಲಿ ಆಗುವ ಈ ಖಾನೇಷುಮಾರಿಯನ್ನು ತಿಂಗಳಿಗೊಮ್ಮೆ ಮಾಡಿ ಪ್ರಕಟಿಸದಿರಲು ಯಾವ ನೆಪವೂ ಇಲ್ಲ.

ಇದರಿಂದ ಆಗುವ ಪ್ರಯೋಜನವನ್ನು ಒಂದು ಲೆಕ್ಕದಿಂದ ನೋಡಬಹುದು. ಒಂದು ಇಲಾಖೆ 30 ವರ್ಚುವಲ್ ಮೆಷಿನ್ ಕೇಳಿತೆನ್ನಿ. ಒಂದೊಂದಕ್ಕೆ 32 ಜಿಬಿ ಮೆಮೊರಿ. ಒಟ್ಟು 960 ಜಿಬಿ. 512 ಜಿಬಿಯ ಯಂತ್ರಗಳಾದರೆ ಎರಡು ಬೇಕು. ನಿಜವಾಗಿ ಬೇಕಾದದ್ದು 8 ಜಿಬಿಯೇ ಆಗಿದ್ದರೆ ಒಟ್ಟು 240 ಜಿಬಿ. ಒಂದು ಯಂತ್ರದ ಅರ್ಧವೂ ತುಂಬುವುದಿಲ್ಲ. ಹೆಚ್ಚಿಗೆ ಕೊಂಡ ಯಂತ್ರ, ಅದರ ವಿದ್ಯುತ್ತು, ಅದನ್ನು ತಂಪಾಗಿಡುವ ಖರ್ಚು, ಅದರ ಪರವಾನಗಿ ಇವೆಲ್ಲ ತೆರಿಗೆ ಕೊಡುವವನ ತಲೆಗೆ.

ಇಲಾಖೆಗಳು ಹೆಚ್ಚಿಗೆ ಕೇಳುವುದು ಬರೀ ದುರಾಸೆಯಿಂದ ಎಂದು ನಾವು ಹೇಳುವುದಿಲ್ಲ. ಇಂದು ಕಡಿಮೆ ಕೇಳಿ ನಾಳೆ ಮತ್ತೆ ಬೇಕಾದರೆ ಕಡತ ಮೇಜಿನಿಂದ ಮೇಜಿಗೆ ಹೋಗಿಬರಲು ತಿಂಗಳುಗಳಾಗುತ್ತವೆ ಎಂಬ ಭಯದಿಂದ ಒಮ್ಮೆಗೇ ಬಾಚಿಕೊಳ್ಳುತ್ತಾರೆ. ಪಟ್ಟಿ ಸರಿಯಾಗಿದ್ದು, ಬೇಕೆಂದಾಗ ಸಿಗುತ್ತದೆ ಎಂಬ ನಂಬಿಕೆ ಹುಟ್ಟಿದರೆ ಈ ಬಾಚುವ ಚಾಳಿ ತಾನಾಗಿ ಇಳಿದೀತು.

ಪಟ್ಟಿ ಇನ್ನೂ ಒಂದು ಸಂಗತಿಯನ್ನು ಬಯಲಿಗೆಳೆಯುತ್ತದೆ. ಯಾವುದೋ ಪರೀಕ್ಷೆಗೆಂದು ಮಾಡಿ ಮರೆತ ಯಂತ್ರಗಳು ಅದರಲ್ಲಿ ಸಿಗುತ್ತವೆ. ನಿಲ್ಲಿಸಿದ ಯಂತ್ರ ಕೋರನ್ನೂ ಮೆಮೊರಿಯನ್ನೂ ಬಿಟ್ಟುಕೊಡುತ್ತದೆ; ಆದರೆ ಅದರ ಡಿಸ್ಕು ಮಾತ್ರ ಜಾಗ ಹಿಡಿದೇ ಇರುತ್ತದೆ. ನಿಲ್ಲಿಸದೆ ಮರೆತದ್ದು ಇನ್ನೂ ಅಪಾಯ. ವಿಂಡೋಸ್ ಸರ್ವರ್ 2012ಕ್ಕೆ ಸಾಮಾನ್ಯ ರಕ್ಷಣಾ ತಿದ್ದುಪಡಿಗಳು 2023ರ ಅಕ್ಟೋಬರಿನಲ್ಲೂ, ಸೆಂಟ್‌ಓಎಸ್ 7ಕ್ಕೆ 2024ರ ಜೂನ್ ಕೊನೆಗೂ ನಿಂತವು. ಅಂಥ ಹಳೆಯ ವ್ಯವಸ್ಥೆಯ ಮೇಲೆ ಯಾರ ಗಮನವೂ ಇಲ್ಲದೆ ನಡೆಯುತ್ತಿರುವ ಯಂತ್ರ, ಕಳ್ಳನಿಗೆ ತೆರೆದಿಟ್ಟ ಹಿತ್ತಲ ಬಾಗಿಲು. ಒಳಗಿರುವುದು ಜನರ ಜಮೀನಿನ ಹಕ್ಕು, ಬ್ಯಾಂಕಿನ ಖಾತೆ ಎಂಬುದನ್ನು ಮರೆಯಬಾರದು.

ಅಳತೆಯ ಪ್ರಶ್ನೆ ನಮ್ಮ ನಾಡಿಗೆ ಹೊಸದಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದುನಿಂತಾಗ ಜಗಳದ ಮೂಲದಲ್ಲಿದ್ದದ್ದು ಗೇಣಿ ಅಳೆಯುವ ಕೊಳಗ. ಕೊಳಗ ಒಡೆಯನದಾದರೆ ಬೆಳೆ ಎಷ್ಟಾದರೂ ರೈತನಿಗೆ ಸಾಲದು. ಇಂದು ಕೊಳಗ ಬೇರೆ ಕೈಯಲ್ಲಿದೆ. ವಿಎಂವೇರ್ ಕಂಪೆನಿಯನ್ನು ಬ್ರಾಡ್‌ಕಾಮ್ 2023ರ ನವೆಂಬರಿನಲ್ಲಿ ಕೊಂಡಿತು. ಮುಂದಿನ ತಿಂಗಳೇ, ಒಮ್ಮೆ ಕೊಂಡರೆ ಸದಾ ಬಳಸಬಹುದಾಗಿದ್ದ ಪರವಾನಗಿಗಳ ಮಾರಾಟವನ್ನು ನಿಲ್ಲಿಸಿ, ಅವಧಿಗೆ ಇಷ್ಟೆಂದು ಬಾಡಿಗೆ ಕಟ್ಟುವ ಪದ್ಧತಿಯನ್ನೇ ಉಳಿಸಿತು. ಬಾಡಿಗೆಯ ಲೆಕ್ಕ ಕೋರಿನ ಮೇಲೆ. ಒಂದು ಪ್ರೊಸೆಸರಿನಲ್ಲಿ 8 ಕೋರ್ ಇದ್ದರೂ 16 ಎಂದೇ ಎಣಿಕೆ. ಮಾರುವವನ ಬಳಿ ತನ್ನ ಎಣಿಕೆ ಸಿದ್ಧವಿದೆ. ಕೊಳ್ಳುವ ಸರ್ಕಾರದ ಬಳಿ ತನ್ನದೇ ಪಟ್ಟಿ ಇಲ್ಲದಿದ್ದರೆ ಅವನು ಹೇಳಿದ ಸಂಖ್ಯೆಗೆ ರುಜು ಹಾಕದೆ ಬೇರೆ ದಾರಿಯೇನು? 2007ರಿಂದ ಲಿನಕ್ಸಿನ ಭಾಗವೇ ಆಗಿರುವ ಕೆವಿಎಂಗೆ ಬದಲಾಗಬೇಕೆಂದರೂ, ಸಾಗಿಸಬೇಕಾದ ಸಾಮಾನೆಷ್ಟು ಎಂಬುದು ಮೊದಲು ತಿಳಿದಿರಬೇಕು.

ನಮ್ಮ ಮಾತಿಗೆ ಎರಡು ಆಕ್ಷೇಪಣೆಗಳು ಬರಬಹುದು. ವರ್ಷವೆಲ್ಲ ಸುಮ್ಮನಿರುವ ಯಂತ್ರಕ್ಕೆ ಪರೀಕ್ಷೆಯ ಫಲಿತಾಂಶದ ದಿನ ಲಕ್ಷಾಂತರ ಜನ ಮುಗಿಬೀಳುತ್ತಾರೆ, ಆ ದಿನಕ್ಕಾಗಿ ಹೆಚ್ಚು ಬೇಕು ಎಂಬುದು ಮೊದಲನೆಯದು. ಇದರಲ್ಲಿ ಸತ್ಯವಿದೆ. ಒಂದು ವಾರದ ಸರಾಸರಿ ನೋಡಿ ಕೊಡಲಿ ಹಾಕುವುದು ಮೂರ್ಖತನ. ವರ್ಷದ ಅತಿ ಹೆಚ್ಚಿನ ಬಳಕೆಯನ್ನೂ ಪಟ್ಟಿಯಲ್ಲಿ ಬರೆಯಲಿ. ಆ ದಿನಕ್ಕೆ ಕೊಟ್ಟು ಮರುದಿನ ಹಿಂದಕ್ಕೆ ಪಡೆಯಲು ಬರುವುದೇ ಈ ಏರ್ಪಾಡಿನ ಗುಣವಲ್ಲವೇ? ಪಟ್ಟಿ ಹೊರಬಿದ್ದರೆ ಭದ್ರತೆಗೆ ಧಕ್ಕೆ ಎಂಬುದು ಎರಡನೆಯದು. ಯಂತ್ರಗಳ ಹೆಸರು, ವಿಳಾಸ, ಒಳಗಿನ ವ್ಯವಸ್ಥೆ ಯಾವುದನ್ನೂ ಪ್ರಕಟಿಸಬೇಕೆಂದು ನಾವು ಕೇಳುತ್ತಿಲ್ಲ. ಇಲಾಖೆಯ ಹೆಸರು, ಯಂತ್ರಗಳ ಸಂಖ್ಯೆ, ಕೊಟ್ಟದ್ದು, ಬಳಸಿದ್ದು ಇಷ್ಟು ಮೊತ್ತ ಸಾಕು. ಕಣಜದಲ್ಲಿ ಭತ್ತ ಎಷ್ಟಿದೆ ಎಂದು ಹೇಳಿದರೆ ಕಣಜದ ಬೀಗದ ಕೈ ಕೊಟ್ಟಂತಾಗುವುದಿಲ್ಲ.

ಸಾಧನಗಳಿಂದ ಆಗದ ಕೆಲಸವೂ ಒಂದಿದೆ. ಒಂದು ಯಂತ್ರಕ್ಕೆ ಎಷ್ಟು ಮೆಮೊರಿ ಎಂದು ಅವು ಹೇಳಬಲ್ಲವು. ಅದು ಯಾರ ಕೆಲಸಕ್ಕೆ, ಇನ್ನೂ ಬೇಕೋ ಬೇಡವೋ ಎಂಬುದನ್ನು ಮನುಷ್ಯನೇ ಬರೆಯಬೇಕು. ಆದುದರಿಂದ ಒಂದೊಂದು ಯಂತ್ರದ ಮುಂದೆಯೂ ಜವಾಬ್ದಾರನಾದ ಅಧಿಕಾರಿಯ ಹುದ್ದೆ ನಮೂದಾಗಬೇಕು. ಗುತ್ತಿಗೆಯ ಮೇಲೆ ರಾತ್ರಿಪಾಳಿ ಮಾಡುವ ತರುಣನೊಬ್ಬ ಪಟ್ಟಿ ತಯಾರಿಸಿ, ಇದು ಯಾರಿಗೂ ಬೇಡವಾದ ಯಂತ್ರ ಎಂದು ತೋರಿಸಿದರೆ, ಅವನ ಮಾತನ್ನು ಕೇಳುವ ಕಿವಿ ಮೇಲೆ ಇರಬೇಕು. ಅದಿಲ್ಲದಿದ್ದರೆ ಪಟ್ಟಿ ಮಿಂಚಂಚೆಯಲ್ಲೇ ಸಮಾಧಿಯಾಗುತ್ತದೆ.

2005ರ ಮಾಹಿತಿ ಹಕ್ಕು ಕಾಯಿದೆಯ 4ನೆಯ ಕಲಮು, ಸರ್ಕಾರಿ ಸಂಸ್ಥೆಗಳು ದಾಖಲೆಗಳನ್ನು ಕ್ರಮವಾಗಿಟ್ಟು, ಯಾರೂ ಅರ್ಜಿ ಹಾಕದೆಯೇ ಮಾಹಿತಿಯನ್ನು ಸ್ವತಃ ಪ್ರಕಟಿಸುತ್ತಿರಬೇಕೆಂದು ಹೇಳುತ್ತದೆ. ಈ ಪಟ್ಟಿಯೂ ಅದರಲ್ಲಿ ಸೇರಲಿ. ನಮ್ಮ ಶಾಸಕರು ಮುಂದಿನ ಅಧಿವೇಶನದಲ್ಲಿ ಒಂದೇ ಪ್ರಶ್ನೆ ಹಾಕಲಿ: ಇಲಾಖೆಗೆ ಕೊಟ್ಟದ್ದೆಷ್ಟು, ಬಳಸಿದ್ದೆಷ್ಟು? ಕೊಳವೆಬಾವಿಯ ಲೆಕ್ಕ ಕೇಳುವ ಹಳ್ಳಿಗನಿಗೆ ಈ ಲೆಕ್ಕ ಕೇಳುವ ಹಕ್ಕೂ ಇದೆ. ಎರಡಕ್ಕೂ ಹಣ ಅವನದೇ.