ನಂಬರಲ್ಲ, ಸಮಯ ಬರೆದಿಡಿ

ಹಳೇ ಡ್ಯಾಟ್ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸುವವರಲ್ಲಿ ಒಂದು ಅಭ್ಯಾಸ ಇದೆ. ಟ್ರ್ಯಾಕ್ ನಂಬರ್ ನೋಡ್ಕೊಂಡು, ನಂಬರಿಗೊಂದು ಫೈಲ್ ಅಂತ ಕತ್ತರಿಸಿ ಇಟ್ಟುಬಿಡೋದು. ಇದು ತಪ್ಪು ಅನ್ನೋದು ನನ್ನ ವಾದ.

ಯಾಕೆ ಅಂತೀರಾ? ಡ್ಯಾಟ್‌ನಲ್ಲಿ ಧ್ವನಿಯ ಜಾಗ ಬೇರೆ, ಸಬ್‌ಕೋಡ್‌ನ ಜಾಗ ಬೇರೆ. ಹಾಡಿನ ಶುರು ತೋರಿಸುವ ಸ್ಟಾರ್ಟ್ ಐಡಿ, ಟ್ರ್ಯಾಕ್ ನಂಬರ್, ಟೇಪಿನ ಮೊದಲಿಂದ ಎಣಿಸುವ ಸಮಯ ಎಲ್ಲಾ ಇರೋದು ಸಬ್‌ಕೋಡ್‌ನಲ್ಲಿ. ಹಾಗಾಗಿ ರೆಕಾರ್ಡಿಂಗ್ ಆಗಿ ವರ್ಷಗಳಾದ ಮೇಲೂ ಧ್ವನಿಯನ್ನು ಮುಟ್ಟದೇ ಸ್ಟಾರ್ಟ್ ಐಡಿ ಹಾಕಬಹುದು, ಅಳಿಸಬಹುದು. ರೀನಂಬರ್ ಗುಂಡಿ ಒತ್ತಿದರಂತೂ ನಂಬರುಗಳೆಲ್ಲಾ 1ರಿಂದ ಹೊಸದಾಗಿ ಬೀಳುತ್ತವೆ. ಅಲ್ಲಿಗೆ ಡಬ್ಬಿ ಮೇಲೆ "7 - ಭೈರವಿ" ಅಂತ ಅಂಟಿಸಿದ ಚೀಟಿ ಸುಳ್ಳಾಗಿರಬಹುದು!

ಇನ್ನು ಆಟೋ ಮಾರ್ಕಿಂಗ್. ಸ್ವಲ್ಪ ಹೊತ್ತು ನಿಶ್ಶಬ್ದ, ಆಮೇಲೆ ಸದ್ದು... ಇಷ್ಟು ಕಂಡರೆ ಯಂತ್ರ ಹೊಸ ಟ್ರ್ಯಾಕ್ ಅಂತ ಗುರುತು ಹಾಕುತ್ತೆ. ಸಿ.ಡಿ. ಹಾಡುಗಳಿಗೆ ಇದು ಸರಿ. ಆದರೆ ಸಂಗೀತ ಕಚೇರಿಯಲ್ಲಿ ತಂಬೂರಿ ನಿಲ್ಲೋದೇ ಇಲ್ಲವಲ್ಲ! ಎರಡು ಗಂಟೆಯ ಕಚೇರಿ ಯಂತ್ರದ ಲೆಕ್ಕದಲ್ಲಿ ಒಂದೇ ಹಾಡು. ಅದೇ, ಭಾಷಣಕಾರರು ನೀರು ಕುಡಿಯೋಕೆ ನಿಲ್ಲಿಸಿದರೆ ಹೊಸ ಟ್ರ್ಯಾಕ್ :)

ಟೇಪಿನ ಸಮಯ ಹಾಗಲ್ಲ. ಅದು ಧ್ವನಿಯ ಜೊತೆಜೊತೆಗೇ ದಾಖಲಾಗುತ್ತೆ, ರೀನಂಬರ್ ಮಾಡಿದರೂ ಬದಲಾಗಲ್ಲ. ಒಂದೇ ಷರತ್ತು: ಮೊದಲಿಂದ ಖಾಲಿ ಜಾಗ ಬಿಡದೇ ರೆಕಾರ್ಡ್ ಮಾಡಿರಬೇಕು. ಮಧ್ಯೆ ಖಾಲಿ ಬಿಟ್ಟಿದ್ದರೆ ಎಣಿಕೆ ಅಲ್ಲೇ ತುಂಡಾಗುತ್ತೆ. ಅಂಥಾ ಟೇಪಿಗೆ ಫೈಲಿನ ಶುರುವಿನಿಂದ ಎಣಿಸಿದ ಸಮಯ ಬರೆದರಾಯ್ತು.

ಆದ್ದರಿಂದ ಮೊದಲು ಸ್ಕಿಪ್ ಪ್ಲೇ ಆಫ್ ಮಾಡಿ. ಇಲ್ಲದಿದ್ದರೆ ಸ್ಕಿಪ್ ಐಡಿ ಸಿಕ್ಕಲ್ಲಿ ಯಂತ್ರ ಸದ್ದಿಲ್ಲದೇ ಮುಂದಿನ ಟ್ರ್ಯಾಕಿಗೆ ಹಾರಿಬಿಡುತ್ತೆ. ಆಮೇಲೆ ಇಡೀ ಟೇಪನ್ನು ಒಂದೇ ಫೈಲಾಗಿ ಇಳಿಸಿ. 48 ಕಿಲೋಹರ್ಟ್ಸ್, 16 ಬಿಟ್ ಸ್ಟೀರಿಯೋದಲ್ಲಿ ಎರಡು ಗಂಟೆಗೆ ಸುಮಾರು 1.4 ಜಿಬಿ, ಇವತ್ತಿಗೆ ಅದೇನು ಮಹಾ? ಪಕ್ಕದಲ್ಲೊಂದು ಟೆಕ್ಸ್ಟ್ ಫೈಲ್: "0:47:12 ಭೈರವಿ ಆಲಾಪನೆ ಶುರು". ನಂಬರನ್ನೂ ಬರೆಯಿರಿ, ಬೇಡ ಅನ್ನಲ್ಲ. ಆದರೆ ಅದನ್ನೇ ನಂಬಿ ಕತ್ತರಿ ಹಿಡೀಬೇಡಿ.

1987ರಲ್ಲಿ ಬಂದ ಡ್ಯಾಟ್ ಯಂತ್ರಗಳ ತಯಾರಿಕೆಯನ್ನು ಸೋನಿ 2005ರ ಕೊನೆಗೇ ನಿಲ್ಲಿಸಿತು. ಉಳಿದಿರುವ ಯಂತ್ರಗಳ ಹೆಡ್ಡು ಸವೆಯುತ್ತಾ ಇದೆ, ಟೇಪಿಗೂ ವಯಸ್ಸಾಗ್ತಾ ಇದೆ. ಕತ್ತರಿಸೋ ಕೆಲಸ ನಾಳೆ ಬೇಕಾದರೂ ಮಾಡಬಹುದು, ಇಳಿಸೋ ಅವಕಾಶ ಇನ್ನೊಮ್ಮೆ ಸಿಗದೇ ಹೋಗಬಹುದು. ಏನಂತೀರಿ?